ಮಾತ್ರೆಯನ್ನು ಕ್ಲೇಮಿನ ಪಕ್ಕದಲ್ಲಿಟ್ಟು ನೋಡುವುದು: ಪೇಟೆಂಟ್ ದಾವೆಗೆ ತಜ್ಞ ವರದಿ

ಔಷಧದ ಪೇಟೆಂಟ್ ದಾವೆಗೆ ವರದಿ ಬರೆಯಲು ಕೂತಾಗ ನಾನು ಮೊದಲು ಮಾತ್ರೆಯ ಸ್ಟ್ರಿಪ್ ಬಿಚ್ಚುವುದಿಲ್ಲ. ಪೇಟೆಂಟಿನ ಕೊನೆಯ ಪುಟಗಳಿಗೆ ಹೋಗುತ್ತೇನೆ. ಕ್ಲೇಮ್‌ಗಳು, ಅಂದರೆ ಪೇಟೆಂಟ್‌ದಾರ ತನ್ನದೆಂದು ಬರೆದುಕೊಂಡ ಸಾಲುಗಳು, ಇರುವುದು ಅಲ್ಲಿ, ಹಕ್ಕಿನ ಎಲ್ಲೆ ಗೊತ್ತಾಗುವುದೂ ಅಲ್ಲೇ. ವಾದಿಯ ಮಾತ್ರೆಯನ್ನೂ ಪ್ರತಿವಾದಿಯ ಮಾತ್ರೆಯನ್ನೂ ಎದುರುಬದುರು ಇಟ್ಟು ಹೋಲಿಸಿದರೆ ವರದಿ ಅಲ್ಲಿಗೇ ದಾರಿ ತಪ್ಪಿತು.

ಇದಕ್ಕೆ ರೋಶ್–ಸಿಪ್ಲಾ ಪ್ರಕರಣಕ್ಕಿಂತ ಒಳ್ಳೆಯ ಪಾಠ ನಮ್ಮ ದೇಶದಲ್ಲಿಲ್ಲ. ಶ್ವಾಸಕೋಶದ ಕ್ಯಾನ್ಸರ್‌ಗೆ ಕೊಡುವ ಎರ್ಲೋಟಿನಿಬ್ ಮದ್ದಿನ ಪೇಟೆಂಟನ್ನು (ಸಂಖ್ಯೆ 196774) ಸಿಪ್ಲಾ ಉಲ್ಲಂಘಿಸಿದೆ ಎಂದು ರೋಶ್ ದಾವೆ ಹೂಡಿತ್ತು. ಸಿಪ್ಲಾದ ಮಾತ್ರೆಯಲ್ಲಿರುವುದು 'ಬಿ' ಹರಳು ರೂಪ ಮಾತ್ರ, ಪೇಟೆಂಟ್ ಪಡೆದದ್ದು 'ಎ' ಮತ್ತು 'ಬಿ' ಬೆರೆತದ್ದು ಎಂಬ ವಾದವನ್ನು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2012ರಲ್ಲಿ ಒಪ್ಪಿ, ಉಲ್ಲಂಘನೆ ಆಗಿಲ್ಲ ಎಂದಿತು. 2015ರ ನವೆಂಬರ್‌ನಲ್ಲಿ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು. ಕ್ಲೇಮ್ ಇರುವುದು ಸಂಯುಕ್ತದ ಮೇಲೆ. ಅದು ಯಾವ ಹರಳು ರೂಪದಲ್ಲಿದ್ದರೂ ಸಂಯುಕ್ತ ಅದೇ.

ಹಾಗಾಗಿ ಕ್ಲೇಮನ್ನು ತುಂಡು ಮಾಡುವುದೇ ಮೊದಲ ಕೆಲಸ. ಎರ್ಲೋಟಿನಿಬ್‌ನದ್ದನ್ನೇ ತೆಗೆದುಕೊಂಡರೆ: ಕ್ವಿನಜೋಲಿನ್ ಉಂಗುರ, ಅದರ 6 ಮತ್ತು 7ನೇ ಸ್ಥಾನದಲ್ಲಿ ಮೆಥಾಕ್ಸಿಎಥಾಕ್ಸಿ ಗುಂಪುಗಳು, 4ನೇ ಸ್ಥಾನದಲ್ಲಿ 3-ಎಥಿನೈಲ್‌ಫಿನೈಲ್ ಅಮೈನ್, ಹೈಡ್ರೋಕ್ಲೋರೈಡ್ ಲವಣ. ನಾಲ್ಕು ಅಂಶ, ನಾಲ್ಕು ಸಾಲು. ಪ್ರತಿ ಸಾಲಿನ ಎದುರು ಯಾವ ಪರೀಕ್ಷೆ ಅದನ್ನು ತೋರಿಸುತ್ತದೆ, ದತ್ತಾಂಶ ಯಾವ ಪುಟದಲ್ಲಿದೆ ಎಂದು ಬರೆಯಬೇಕು. ಒಂದು ಸಾಲು ಖಾಲಿ ಉಳಿದರೂ ಎದುರಿನ ವಕೀಲರು ಬೆರಳಿಡುವುದು ಅಲ್ಲಿಗೇ. ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್ಟ್ರಮ್‌ನಲ್ಲಿ 394ರ ಗೆರೆ ಬಂದರೆ ಅಣುತೂಕ ಹೊಂದಿತು, ಅಷ್ಟೇ. ಎಥಿನೈಲ್ ಗುಂಪು 3ನೇ ಸ್ಥಾನದಲ್ಲಿದೆಯೋ 4ರಲ್ಲೋ ಅದು ಹೇಳುವುದಿಲ್ಲ. ಅದಕ್ಕೆ ಎನ್‌ಎಂಆರ್ ಬೇಕು, ಅಣುವಿನಲ್ಲಿ ಯಾವ ಗುಂಪು ಎಲ್ಲಿದೆ ಎಂದು ಕಾಂತಕ್ಷೇತ್ರದಲ್ಲಿ ತೋರಿಸುವ ಪರೀಕ್ಷೆ. ಲವಣವೋ ಬರೀ ಬೇಸೋ (ಲವಣವಾಗದ ಮದ್ದು) ಎಂಬುದನ್ನೂ ಮಾಸ್ ಹೇಳುವುದಿಲ್ಲ; ಕ್ಲೋರೈಡನ್ನು ಬೇರೆಯಾಗಿಯೇ ಅಳೆಯಬೇಕು.

ಕ್ಲೇಮಿನಲ್ಲೇ ಹರಳು ರೂಪ ಬರೆದಿದ್ದರೆ ಪುಡಿಯ ಮೇಲೆ ಎಕ್ಸ್‌ರೇ ಬಿಟ್ಟು ಹರಳಿನ ಜೋಡಣೆ ನೋಡುವ ಡಿಫ್ರಾಕ್ಷನ್ ಪರೀಕ್ಷೆ ಬೇಕಾಗುತ್ತದೆ, ಎಡವಟ್ಟುಗಳೂ ಅಲ್ಲೇ ಹೆಚ್ಚು. ತಾಮ್ರದ ವಿಕಿರಣ (1.5406 ಆಂಗ್‌ಸ್ಟ್ರಾಮ್), 3ರಿಂದ 40 ಡಿಗ್ರಿ ಎರಡು-ಥೀಟಾ (ಕಿರಣ ಬಾಗುವ ಕೋನ) ತನಕ ಸ್ಕ್ಯಾನ್; ಗ್ರಾಫಿನಲ್ಲಿ ಏಳುವ ಶಿಖರದ ಸ್ಥಾನಕ್ಕೆ ಸಾಮಾನ್ಯವಾಗಿ 0.2 ಡಿಗ್ರಿ ಆಚೀಚೆ ಒಪ್ಪುತ್ತಾರೆ. ಮಾತ್ರೆಯನ್ನು ಒರಳಲ್ಲಿ ಜೋರಾಗಿ ಅರೆದರೆ ಹರಳು ರೂಪವೇ ಬದಲಾಗಬಹುದು. ಆದ್ದರಿಂದ ಹೊದಿಕೆ ಕೆರೆದು ತೆಗೆದು ಹಗುರವಾಗಿ ಪುಡಿ ಮಾಡುತ್ತೇನೆ, ಎಷ್ಟು ಹೊತ್ತು ಅರೆದೆ ಎಂಬುದನ್ನೂ ಬರೆದಿಡುತ್ತೇನೆ. ಹೊದಿಕೆ ಉಳಿದರೆ ಟೈಟಾನಿಯಂ ಡೈಆಕ್ಸೈಡ್ 25.3 ಡಿಗ್ರಿಯ ಹತ್ತಿರ ಶಿಖರ ಕೊಡುತ್ತದೆ. ಲ್ಯಾಕ್ಟೋಸ್ ಇದ್ದರೆ 20ರ ಆಸುಪಾಸಿನಲ್ಲಿ ದೊಡ್ಡದೊಂದು ಏಳುತ್ತದೆ. ಇವು ಮದ್ದಿನ ಶಿಖರಗಳಲ್ಲ ಎಂದು ತೋರಿಸಲು, ಮದ್ದು ಬಿಟ್ಟು ಉಳಿದೆಲ್ಲ ಪದಾರ್ಥ ಬೆರೆಸಿದ ಪ್ಲಸೀಬೊ ಪುಡಿಯನ್ನೂ ಅದೇ ದಿನ, ಅದೇ ಯಂತ್ರದಲ್ಲಿ ಓಡಿಸಬೇಕು. ಶಿಖರದ ಎತ್ತರವನ್ನು ನಾನು ಹೆಚ್ಚು ನಂಬುವುದಿಲ್ಲ. ಹರಳುಗಳು ತಟ್ಟೆಯಲ್ಲಿ ಒಂದೇ ಕಡೆಗೆ ಮಲಗಿಬಿಟ್ಟರೆ ಎತ್ತರ ಏರುಪೇರಾಗುತ್ತದೆ.

ಮಾದರಿಯನ್ನು ಅಂಗಡಿಯಿಂದ ಬಿಲ್ ಸಮೇತ ಕೊಳ್ಳಬೇಕು, ಸಾಧ್ಯವಾದರೆ ಮೂರು ಬ್ಯಾಚ್. ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ, ಸೀಲ್ ಒಡೆಯುವ ಮುಂಚಿನ ಫೋಟೊ ಎಲ್ಲವೂ ಬೇಕು. ಅರ್ಧ ಭಾಗವನ್ನು ಮುಟ್ಟದೆ ಸೀಲ್ ಮಾಡಿ ಇಟ್ಟರೆ ಎದುರು ಪಕ್ಷ ಮರುಪರೀಕ್ಷೆ ಕೇಳಿದಾಗ ಕೊಡಬಹುದು. ಕೊಟ್ಟವರು ಯಾರು, ತೆಗೆದುಕೊಂಡವರು ಯಾರು ಎಂಬ ಸರಪಳಿಯಲ್ಲಿ ಒಂದು ಸಹಿ ತಪ್ಪಿದರೂ ಎಷ್ಟೇ ಚೆಂದದ ಗ್ರಾಫ್ ನೆಲಕಚ್ಚುತ್ತದೆ.

ಕಾನೂನಿನ ನೆಲೆ ಹೀಗಿದೆ. ತಜ್ಞರ ಅಭಿಪ್ರಾಯಕ್ಕೆ ಹಿಂದೆ ಸಾಕ್ಷ್ಯ ಅಧಿನಿಯಮದ 45ನೇ ಕಲಂ ಇತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ. ಯಂತ್ರದ ಕಡತಗಳನ್ನು ಹಾಜರುಪಡಿಸಲು 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದರಲ್ಲಿ ಹ್ಯಾಶ್ ಮೌಲ್ಯ (ಕಡತದ ಬೆರಳಚ್ಚಿನಂಥ ಸಂಕೇತ) ನಮೂದಿಸಬೇಕು. ಮೂಲ ಕಡತದ ಹ್ಯಾಶನ್ನು ಪ್ರಯೋಗಾಲಯದಲ್ಲೇ, ಅಂದೇ ತೆಗೆದುಬಿಡಿ. ಆಮೇಲೆ ಯಾರಾದರೂ ಕಡತ ತೆರೆದು ಉಳಿಸಿದರೆ ಮೌಲ್ಯ ಬದಲಾಗಬಹುದು.

ಅಫಿಡವಿಟ್‌ನಲ್ಲಿ "ಪ್ರತಿವಾದಿ ಉಲ್ಲಂಘಿಸಿದ್ದಾರೆ" ಎಂದು ನಾನು ಬರೆಯುವುದಿಲ್ಲ. ಅದು ನ್ಯಾಯಾಧೀಶರು ಹೇಳಬೇಕಾದ ಮಾತು. "ಈ ನಾಲ್ಕೂ ಅಂಶ ಮಾತ್ರೆಯಲ್ಲಿ ಕಂಡವು, ಕಾರಣ ಇಂತಿಂಥದ್ದು" ಎನ್ನುವುದಷ್ಟೇ ನನ್ನ ಕೆಲಸ. ಕಾರಣವಿಲ್ಲದ ಅಭಿಪ್ರಾಯಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲ, ಕಾರಣ ಇದ್ದರೂ ಕೋರ್ಟ್ ಅದಕ್ಕೆ ಕಟ್ಟುಬಿದ್ದಿಲ್ಲ. ವಕೀಲರು ಬರೆದುಕೊಟ್ಟ ಪ್ಯಾರಾಗಳಿಗೆ ಸಹಿ ಹಾಕುವುದು ಬಹಳ ಕೆಟ್ಟ ಅಭ್ಯಾಸ. ಪಾಟೀಸವಾಲಿನಲ್ಲಿ "ಈ ಪದಕ್ಕೆ ಏನರ್ಥ?" ಎಂಬ ಮೂರನೇ ಪ್ರಶ್ನೆಗೇ ಅದು ಬಯಲಾಗುತ್ತದೆ. ನಿಮ್ಮ ಹಳೆಯ ಲೇಖನಗಳನ್ನೂ ಎದುರಿನ ವಕೀಲರು ಓದಿಕೊಂಡೇ ಬಂದಿರುತ್ತಾರೆ. ಮೊದಲೇ ನೀವೂ ಮತ್ತೊಮ್ಮೆ ಓದಿ.

ಪ್ರತಿವಾದಿ ಪೇಟೆಂಟನ್ನೇ ರದ್ದುಮಾಡಿ ಎಂದು ಪ್ರತಿದಾವೆ ಹೂಡಿದರೆ ತಜ್ಞರ ಕೆಲಸ ಇಮ್ಮಡಿ. ಪೇಟೆಂಟ್ ಕಾಯ್ದೆಯ 104ನೇ ಕಲಮಿನಂತೆ ಬೆಂಗಳೂರಿನ ವಾಣಿಜ್ಯ ನ್ಯಾಯಾಲಯದಲ್ಲಿರುವ ದಾವೆ ಆಗ ಹೈಕೋರ್ಟಿಗೆ ಹೋಗುತ್ತದೆ. ಆ ಭಾಗಕ್ಕೆ ಬೇರೆ ವರದಿ ಬರೆಯುವುದು ವಾಸಿ, ಏಕೆಂದರೆ ಅಲ್ಲಿ ಕೇಳುವ ಪ್ರಶ್ನೆಯೇ ಬೇರೆ: ಆದ್ಯತಾ ದಿನಾಂಕದಂದು (ಅರ್ಜಿ ಮೊತ್ತಮೊದಲು ಸಲ್ಲಿಕೆಯಾದ ದಿನ) ಈ ವಿದ್ಯೆ ಬಲ್ಲ ಸಾಮಾನ್ಯ ಕೆಲಸಗಾರನಿಗೆ ಇದು ಸಹಜವಾಗಿ ಹೊಳೆಯುತ್ತಿತ್ತೇ? ಎರ್ಲೋಟಿನಿಬ್ ಅರ್ಜಿ ಭಾರತದಲ್ಲಿ ಸಲ್ಲಿಕೆಯಾದದ್ದು 1996ರಲ್ಲಿ. ಅಂಥ ಪೇಟೆಂಟಿಗೆ ಉತ್ತರ ಹುಡುಕುವಾಗ ನಾನು ಆದ್ಯತಾ ದಿನಾಂಕದ ನಂತರದ ಪುಸ್ತಕಗಳನ್ನು ಮೇಜಿನಿಂದಲೇ ಎತ್ತಿಡುತ್ತೇನೆ, ಇಂದಿನ ತಿಳಿವಳಿಕೆ ಗೊತ್ತಿಲ್ಲದೆ ಒಳಗೆ ನುಸುಳುತ್ತದೆ.

ದೆಹಲಿ ಹೈಕೋರ್ಟಿನ ನಿಯಮಗಳಲ್ಲಿ ಎರಡೂ ಕಡೆಯ ತಜ್ಞರನ್ನು ಒಟ್ಟಿಗೆ ಕೂರಿಸಿ ಕೇಳುವ ಅವಕಾಶವಿದೆ. ಅದಕ್ಕೆ ಮುಂಚೆ ಒಪ್ಪಿದ ಅಂಶ ಮತ್ತು ಒಪ್ಪದ ಅಂಶಗಳ ಜಂಟಿ ಪಟ್ಟಿ ಮಾಡಿಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಪೇಟೆಂಟ್ ಕಾಯ್ದೆಯ 115ನೇ ಕಲಮಿನಡಿ ಕೋರ್ಟ್ ತಾನೇ ಸ್ವತಂತ್ರ ವೈಜ್ಞಾನಿಕ ಸಲಹೆಗಾರರನ್ನು ನೇಮಿಸಬಹುದು. ಕಾನೂನಿನ ವ್ಯಾಖ್ಯಾನ ಬಿಟ್ಟು ವಾಸ್ತವದ ಅಥವಾ ಅಭಿಪ್ರಾಯದ ಪ್ರಶ್ನೆಗಳ ಮೇಲೆ ಅವರು ವರದಿ ಕೊಡುತ್ತಾರೆ. ಸೀಲ್ ಮಾಡಿಟ್ಟ ಆ ಅರ್ಧ ಸ್ಟ್ರಿಪ್ ಆಗ ಅವರ ಕೈಗೂ ಹೋಗಬೇಕಾಗಬಹುದು.