ಡೀಸೆಲ್ ಎಂಜಿನ್ ಹೆಡ್ಡಿನ ಪ್ರೆಶರ್ ಟೆಸ್ಟ್ ಮಾಡುವ ಕ್ರಮ

ರೇಡಿಯೇಟರಿನ ನೀರು ಹೊರಗೆಲ್ಲೂ ತೊಟ್ಟಿಕ್ಕದೆ ಕಡಿಮೆಯಾಗುತ್ತಿದ್ದರೆ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಅಥವಾ ಆಯಿಲ್ ಹಾಲು ಬೆರೆತ ಬಣ್ಣಕ್ಕೆ ತಿರುಗಿದ್ದರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿಗೂ ನಡುವಿನ ಸೀಲ್) ಒಂದನ್ನೇ ಬದಲಿಸಿ ಸುಮ್ಮನಾಗಬಾರದು. ಗ್ಯಾಸ್ಕೆಟ್ ಸುಡುವುದು ಎಷ್ಟೋ ವೇಳೆ ಎಂಜಿನ್ ಅತಿಯಾಗಿ ಕಾದುದರ ಪರಿಣಾಮ. ಅದೇ ಕಾವಿಗೆ ಹೆಡ್ಡೂ ಬಿರುಕು ಬಿಟ್ಟಿರಬಹುದು. ಆದ್ದರಿಂದ ಫೇಸಿಂಗ್ (ಹೆಡ್ಡಿನ ಮೇಲ್ಮೈಯನ್ನು ಸಮತಟ್ಟು ಮಾಡುವುದು), ವಾಲ್ವ್ ಸೀಟ್ ಕಟಿಂಗ್ (ವಾಲ್ವ್ ಕೂರುವ ಅಂಚನ್ನು ಸರಿಮಾಡುವುದು) ಮುಂತಾದ ಕೆಲಸಗಳಿಗೆ ಹಣ ಹಾಕುವ ಮೊದಲೇ ಪ್ರೆಶರ್ ಟೆಸ್ಟ್, ಅಂದರೆ ಹೆಡ್ಡಿನ ನೀರಿನ ದಾರಿಗಳಿಗೆ ಗಾಳಿ ತುಂಬಿ ಸೋರಿಕೆ ಹುಡುಕುವ ಪರೀಕ್ಷೆ, ಆಗಬೇಕು.

ಮೊದಲು ವಾಲ್ವ್‌ಗಳನ್ನು ಬಿಚ್ಚಿ, ಕಾರ್ಬನ್ ಕೆರೆದು, ವಾಟರ್ ಜಾಕೆಟ್ಟಿನ, ಅಂದರೆ ಹೆಡ್ಡಿನೊಳಗೆ ನೀರು ಹರಿಯುವ ದಾರಿಗಳ, ಒಳಗಿನ ತುಕ್ಕು ಮತ್ತು ಗಸಿಯನ್ನು ತೊಳೆಯಿರಿ. ಬಿರುಕನ್ನು ಆ ಗಸಿಯೇ ಮುಚ್ಚಿಕೊಂಡಿರುವುದುಂಟು. ತಾಮ್ರದ ಇಂಜೆಕ್ಟರ್ ಸ್ಲೀವ್ (ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಕೂರುವ ಕೊಳವೆ) ಇದ್ದರೆ ಅದನ್ನು ತೆಗೆಯಬೇಡಿ. ಇಂಜೆಕ್ಟರೇ ಸ್ಲೀವನ್ನು ಒತ್ತಿ ಹಿಡಿಯುವ ರಚನೆಯಾಗಿದ್ದರೆ, ಹಳೆಯ ಇಂಜೆಕ್ಟರನ್ನು ಕೂರಿಸಿ ಮ್ಯಾನ್ಯುಯಲ್ ಹೇಳುವ ಟಾರ್ಕಿಗೆ (ಬಿಗಿತದ ಅಳತೆಗೆ) ಬಿಗಿದ ನಂತರವೇ ಮುಂದುವರಿಯಬೇಕು, ಇಲ್ಲದಿದ್ದರೆ ಒಳ್ಳೆಯ ಸ್ಲೀವೂ ಸೋರುತ್ತದೆ. ಆಮೇಲೆ ನೀರಿನ ರಂಧ್ರಗಳನ್ನೆಲ್ಲ ರಬ್ಬರ್ ಶೀಟ್ ಮತ್ತು ದಪ್ಪ ಉಕ್ಕಿನ ಪ್ಲೇಟ್‌ಗಳಿಂದ ಮುಚ್ಚಿ, ಒಂದು ಪ್ಲೇಟಿಗೆ ರೆಗ್ಯುಲೇಟರ್, ಪ್ರೆಶರ್ ಗೇಜ್ ಮತ್ತು ವಾಲ್ವ್ ಇರುವ ಗಾಳಿಯ ಪೈಪನ್ನು ಜೋಡಿಸಿ. ಪ್ಲೇಟ್‌ಗಳು ಕಂಬಶನ್ ಚೇಂಬರನ್ನು (ಇಂಧನ ಉರಿಯುವ ಭಾಗವನ್ನು) ಮುಚ್ಚಬಾರದು, ಏಕೆಂದರೆ ನೋಡಬೇಕಾದ ಜಾಗವೇ ಅದು.

ಒತ್ತಡಕ್ಕೆ ಆ ಎಂಜಿನ್ನಿನ ಮ್ಯಾನ್ಯುಯಲ್ಲೇ ಆಧಾರ. ಸಾಮಾನ್ಯವಾಗಿ 2ರಿಂದ 3 ಬಾರ್, ಅಂದರೆ ಸುಮಾರು 30ರಿಂದ 45 ಪಿಎಸ್‌ಐ ಬಳಸುತ್ತಾರೆ. ಗಾಳಿಯನ್ನು ನಿಧಾನವಾಗಿ ಏರಿಸಿ, ಕನ್ನಡಕ ಧರಿಸಿ, ಪ್ಲೇಟಿಗೆ ಎದುರಾಗಿ ಮಾತ್ರ ನಿಲ್ಲಬೇಡಿ. ಒತ್ತಡದ ಗಾಳಿ ತುಂಬಿರುವಾಗ ಬೋಲ್ಟ್ ಸಡಿಲಿಸುವುದು ಜೀವಕ್ಕೇ ಅಪಾಯ.

ತಣ್ಣಗಿನ ಹೆಡ್ಡಿಗೆ ಸೋಪಿನ ನೀರು ಬಳಿದು ನೋಡುವುದು ಅರ್ಧ ಪರೀಕ್ಷೆ ಮಾತ್ರ. ಲೋಹ ತಣ್ಣಗಿರುವಾಗ ಮುಚ್ಚಿಕೊಂಡಿರುವ ಕೂದಲೆಳೆಯ ಬಿರುಕು ಕಾದಾಗ ತೆರೆದುಕೊಳ್ಳುತ್ತದೆ, ವಾಹನದಲ್ಲೂ ಅದು ಸೋರುವುದು ಆಗಲೇ. ಹೆಡ್ಡನ್ನು 70ರಿಂದ 80 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನ ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿ, ಕಾವು ಒಳಗಿನವರೆಗೂ ಹರಡಲು ಬಿಡಿ. ಗೇಜನ್ನು ಓದುವಾಗ ಒಂದು ಸೂಕ್ಷ್ಮವಿದೆ: 27 ಡಿಗ್ರಿಯಲ್ಲಿ 2 ಬಾರ್ ತುಂಬಿ ವಾಲ್ವ್ ಮುಚ್ಚಿದ ಗಾಳಿ 80 ಡಿಗ್ರಿಗೆ ಕಾದಾಗ ಒತ್ತಡ ಸುಮಾರು 2.5 ಬಾರ್‌ಗೆ ಏರುತ್ತದೆ. ಆ ಏರಿಕೆಯ ನಡುವೆ ಸಣ್ಣ ಸೋರಿಕೆ ಗೇಜಿನಲ್ಲಿ ಕಾಣದೇ ಹೋಗಬಹುದು. ಹೆಡ್ಡು ಪೂರ್ತಿ ಕಾದ ಮೇಲೆ ಒತ್ತಡವನ್ನು ಸರಿಪಡಿಸಿ, ವಾಲ್ವ್ ಮುಚ್ಚಿ, ನಂತರ ಮುಳ್ಳನ್ನು ಗಮನಿಸಿ.

ಆದರೂ ಗೇಜಿಗಿಂತ ಗುಳ್ಳೆಗಳನ್ನೇ ಹೆಚ್ಚು ನಂಬಬೇಕು. ಮುಳುಗಿಸಿದ ಕೂಡಲೇ ಮೂಲೆಗಳಲ್ಲಿ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು ಏಳುತ್ತವೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತವೆ. ಉಳಿದವನ್ನು ಬ್ರಷ್‌ನಿಂದ ಸವರಿ ತೆಗೆಯಿರಿ. ಮತ್ತೆ ಅದೇ ಚುಕ್ಕೆಯಿಂದ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದರೆ ಅದು ನಿಜವಾದ ಸೋರಿಕೆ. ಎರಡು ವಾಲ್ವ್ ಸೀಟುಗಳ ನಡುವಿನ ಕಿರಿದಾದ ಜಾಗವನ್ನು ಟಾರ್ಚ್ ಹಿಡಿದು ನೋಡಿ, ಡೀಸೆಲ್ ಹೆಡ್ಡುಗಳು ಬಿರುಕು ಬಿಡುವುದು ಹೆಚ್ಚಾಗಿ ಅಲ್ಲಿಯೇ. ಎಕ್ಸಾಸ್ಟ್ ಪೋರ್ಟಿನ (ಹೊಗೆ ಹೊರಹೋಗುವ ದಾರಿಯ) ಒಳಗಿನ ಬಿರುಕಿನ ಗುಳ್ಳೆಗಳು ಪೋರ್ಟಿನ ಬಾಯಲ್ಲಿ ಕಾಣಿಸಿಕೊಳ್ಳುವುದರಿಂದ ಮೂಲ ತಪ್ಪಿಹೋಗುತ್ತದೆ. ಹೆಡ್ಡನ್ನು ಮಗ್ಗುಲು ತಿರುಗಿಸಿ ಹುಡುಕಬೇಕು. ಪ್ಲೇಟಿನ ಅಂಚಿನಿಂದ ಬರುವ ಗುಳ್ಳೆ ಜೋಡಣೆಯ ದೋಷವೇ ಹೊರತು ಹೆಡ್ಡಿನದಲ್ಲ.

ಇಂಜೆಕ್ಟರ್ ರಂಧ್ರದ ತುದಿಯಲ್ಲಿ ಗುಳ್ಳೆ ಬಂದರೆ ಸ್ಲೀವ್, ಡಮ್ಮಿ ಪ್ಲಗ್ಗಿನ (ಹೆಡ್ಡಿನ ರಂಧ್ರ ಮುಚ್ಚುವ ಬಿಲ್ಲೆಯ) ಸುತ್ತ ಬಂದರೆ ಪ್ಲಗ್ ಬದಲಿಸಿದರೆ ಸಾಕಾಗುವುದುಂಟು. ಬಿರುಕಾದರೆ ಬೀಡುಕಬ್ಬಿಣದ ಹೆಡ್ಡಿಗೆ ಮೆಟಲ್ ಸ್ಟಿಚಿಂಗ್ (ಬೆಸುಗೆಯಿಲ್ಲದೆ ಲೋಹದ ಪಿನ್ನುಗಳಿಂದ ಬಿರುಕನ್ನು ಹೊಲಿಯುವುದು), ಅಲ್ಯೂಮಿನಿಯಂ ಹೆಡ್ಡಿಗೆ ಟಿಗ್ ವೆಲ್ಡಿಂಗ್ (ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಮಾಡುವ ಬೆಸುಗೆ) ಮಾಡುತ್ತಾರೆ. ಆದರೆ ಸೀಟುಗಳ ನಡುವಿನಿಂದ ನೀರಿನ ದಾರಿಯವರೆಗೆ ಬಿರುಕು ಇಳಿದಿದ್ದರೆ ಬೇರೆ ಹೆಡ್ಡು ಹಾಕುವುದೇ ಮೇಲು ಎಂದು ನನ್ನ ಅಭಿಪ್ರಾಯ. ರಿಪೇರಿ ಏನೇ ಮಾಡಿಸಿದರೂ, ಫೇಸಿಂಗ್ ಮುಗಿದ ಮೇಲೆ ಅದೇ ಕಾವಿನಲ್ಲಿ, ಅದೇ ಒತ್ತಡದಲ್ಲಿ ಮತ್ತೊಮ್ಮೆ ಪರೀಕ್ಷಿಸಿದ ನಂತರವೇ ಹೆಡ್ಡನ್ನು ಎಂಜಿನ್ನಿಗೆ ಕೂರಿಸಬೇಕು.