ಕೋಎಂಜೈಮ್ ಎ ತಯಾರಿಕೆ: ನನ್ನ ಅನುಭವ

ಕೊಬ್ಬಿನಾಮ್ಲಗಳ ಚಯಾಪಚಯವನ್ನು ಅಭ್ಯಾಸ ಮಾಡುವವರಿಗೆ ಕೋಎಂಜೈಮ್ ಎ (ಕಿಣ್ವಗಳ ಕೆಲಸಕ್ಕೆ ನೆರವಾಗುವ ಒಂದು ಸಣ್ಣ ಅಣು, ಅಂದರೆ ಸಹಕಿಣ್ವ) ಇಲ್ಲದೆ ಕೆಲಸ ಸಾಗುವುದಿಲ್ಲ. ಮಿಲಿಗ್ರಾಂ ಲೆಕ್ಕದಲ್ಲಿ ಸಿಗುವ ಆ ಪುಡಿ ದುಬಾರಿ. ಮೇಲಾಗಿ ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ನಮ್ಮ ಪ್ರಯೋಗಾಲಯಕ್ಕೆ ಬೇಕಾಗಿದ್ದ, ರಚನೆಯಲ್ಲಿ ಅಲ್ಪಸ್ವಲ್ಪ ಬದಲಾಯಿಸಿದ ಕೆಲವು ರೂಪಗಳು ಮಾರಾಟಕ್ಕೇ ಸಿಗುತ್ತಿರಲಿಲ್ಲ. ಆದ್ದರಿಂದ ಬ್ಯಾಕ್ಟೀರಿಯದ ಕಿಣ್ವಗಳನ್ನೇ ದುಡಿಸಿಕೊಂಡು ಅದನ್ನು ನಾವೇ ತಯಾರಿಸಿಕೊಳ್ಳಲು ನಿರ್ಧರಿಸಿದೆವು.

ಇ. ಕೊಲೈ ಬ್ಯಾಕ್ಟೀರಿಯವು ಪ್ಯಾಂಟೊಥೆನೇಟ್, ಅಂದರೆ ಬಿ5 ಜೀವಸತ್ವದಿಂದ ಐದು ಹಂತಗಳಲ್ಲಿ ಈ ಸಹಕಿಣ್ವವನ್ನು ಕಟ್ಟುತ್ತದೆ. ನಮ್ಮ ದೇಹ ಪ್ಯಾಂಟೊಥೆನೇಟನ್ನು ಆಹಾರದಿಂದ ಪಡೆಯಬೇಕು, ಇ. ಕೊಲೈ ಅದನ್ನೂ ತಾನೇ ತಯಾರಿಸಿಕೊಳ್ಳುತ್ತದೆ. ಸಿಸ್ಟೀನ್ ಎಂಬ ಅಮೈನೊ ಆಮ್ಲದ ಜೋಡಣೆಯಾಗುವ ಎರಡನೆಯ ಹಂತಕ್ಕೆ ಶಕ್ತಿ ಒದಗಿಸುವ ಸಿಟಿಪಿ ಎಂಬ ಅಣು ಬೇಕು, ಮೂರನೆಯ ಹಂತದ ಕಿಣ್ವಕ್ಕೆ ಎಫ್‌ಎಂಎನ್ ಎಂಬ ಇನ್ನೊಂದು ಸಹಕಿಣ್ವ ಬೇಕು. ಈ ಎರಡು ಹಂತಗಳ ತಾಪತ್ರಯವನ್ನು ತಪ್ಪಿಸುವ ಒಂದು ಅನುಕೂಲವಿದೆ: ಮೊದಲ ಕಿಣ್ವವಾದ ಪ್ಯಾಂಟೊಥೆನೇಟ್ ಕೈನೇಸ್, ಪ್ಯಾಂಟೊಥೆನೇಟ್ ಬದಲಿಗೆ, ಸಿಸ್ಟೀನಿನಿಂದ ಬರಬೇಕಾದ ಭಾಗವನ್ನು ಆಗಲೇ ಹೊಂದಿರುವ ಪ್ಯಾಂಟೆಥೈನ್ ಕೊಟ್ಟರೂ ಅದಕ್ಕೆ ಫಾಸ್ಫೇಟ್ ಸೇರಿಸಿಬಿಡುತ್ತದೆ. ಅಲ್ಲಿಂದ ಮುಂದೆ ಕೊನೆಯ ಎರಡು ಕಿಣ್ವಗಳಷ್ಟೇ ಸಾಕು. ಒಂದು, ಜೀವಕೋಶದ ಶಕ್ತಿವಾಹಕ ಅಣುವಾದ ಎಟಿಪಿಯಿಂದ ಅಡಿನೈಲಿಕ್ ಗುಂಪನ್ನು ತೆಗೆದು ಜೋಡಿಸುತ್ತದೆ, ಇನ್ನೊಂದು ಕೊನೆಯ ಫಾಸ್ಫೇಟನ್ನು ಸೇರಿಸುತ್ತದೆ. ಮನುಷ್ಯರಲ್ಲಿ ಈ ಎರಡೂ ಕೆಲಸಗಳನ್ನು ಒಂದೇ ಪ್ರೋಟೀನು ಮಾಡುತ್ತದೆ.

ಈ ಮೂರು ಕಿಣ್ವಗಳನ್ನೂ ನಿಕ್ಕಲ್‌ಗೆ ಅಂಟುವ ಹಿಸ್ಟಿಡಿನ್ ಬಾಲದೊಂದಿಗೆ ಇ. ಕೊಲೈನಲ್ಲೇ ತಯಾರಿಸಿ, ನಿಕ್ಕಲ್ ಕಾಲಂ ಮೂಲಕ ಶುದ್ಧೀಕರಿಸಿದೆವು. ಅದರಲ್ಲಿ ಹೇಳಿಕೊಳ್ಳುವಂಥ ವಿಶೇಷವೇನೂ ಇಲ್ಲ. ಪ್ಯಾಂಟೆಥೈನಿನ ಎರಡು ಅಣುಗಳು ಗಂಧಕದ ಬಂಧದಿಂದ ಕೂಡಿದ ಡೈಸಲ್ಫೈಡ್ ರೂಪದಲ್ಲಿ, ಅಂಟಂಟಾದ ದ್ರವವಾಗಿ ಸಿಗುವ ಪ್ಯಾಂಟಿಥೀನನ್ನು ಡಿಟಿಟಿ ಎಂಬ ಅಪಕರ್ಷಣಕಾರಿಯಿಂದ ಅಪಕರ್ಷಿಸಿದರೆ ಪ್ರತಿ ಅಣುವಿನಿಂದ ಎರಡು ಪ್ಯಾಂಟೆಥೈನ್ ದೊರೆಯುತ್ತವೆ.

ನಿಜವಾದ ಕಸರತ್ತು ಇರುವುದು ಮಿಶ್ರಣದ ಹದದಲ್ಲಿ. ಕೋಎಂಜೈಮ್ ಎ ಸಾಕಷ್ಟು ಶೇಖರವಾದೊಡನೆ ಅದು ಮೊದಲ ಕಿಣ್ವಕ್ಕೇ ಅಂಟಿಕೊಂಡು ಅದರ ಕೆಲಸವನ್ನು ತಡೆಯುತ್ತದೆ. ಜೀವಕೋಶಕ್ಕೆ ಇದು ಬಹು ವಿವೇಕದ ಏರ್ಪಾಡು. ಪ್ರನಾಳದಲ್ಲಿ ಹೆಚ್ಚು ಉತ್ಪನ್ನ ಬಯಸುವ ನಮಗೆ ಮಾತ್ರ ತೊಡಕು. ಪಾಂಡವಪುರದ ಕಡೆಯ ನಮ್ಮ ವಿದ್ಯಾರ್ಥಿಯೊಬ್ಬ ಇದನ್ನು ಕೇಳಿದವನೇ, “ಗದ್ದೆ ತುಂಬುತ್ತಲೇ ತಾನಾಗೇ ಮುಚ್ಕೊಳೋ ತೂಬು ಅನ್ನಿ ಸಾರ್” ಎಂದ. ಈ ತಡೆಯಲ್ಲಿ ಕೋಎಂಜೈಮ್ ಎ ಮತ್ತು ಎಟಿಪಿ ಕಿಣ್ವದ ಒಂದೇ ಜಾಗಕ್ಕಾಗಿ ಪೈಪೋಟಿ ನಡೆಸುವುದರಿಂದ, ಎಟಿಪಿಯನ್ನು ಧಾರಾಳವಾಗಿ ಒದಗಿಸಿದರೆ ತಡೆ ಬಹುಮಟ್ಟಿಗೆ ಸಡಿಲವಾಗುತ್ತದೆ. ಪ್ರತಿ ಪ್ಯಾಂಟೆಥೈನ್ ಅಣುವಿಗೆ ಮೂರು ಎಟಿಪಿ ಅಣುಗಳು ಹೇಗೂ ಖರ್ಚಾಗುತ್ತವೆ. ನಾನು ಅದಕ್ಕಿಂತಲೂ ಹೆಚ್ಚು ಹಾಕುತ್ತೇನೆ, ಮತ್ತು ಎಟಿಪಿ ಮೆಗ್ನೀಸಿಯಂ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಮೆಗ್ನೀಸಿಯಂ ಕ್ಲೋರೈಡನ್ನು ಎಟಿಪಿಯ ಪ್ರಮಾಣಕ್ಕಿಂತ ಮೇಲೆಯೇ ಇಡುತ್ತೇನೆ. ಸ್ಟೆಫೈಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯದ ಕೈನೇಸಿಗೆ ಈ ತಡೆಯೇ ಇಲ್ಲ. ಉತ್ಕರ್ಷಣದಿಂದ ಕೋಶವನ್ನು ಕಾಯುವ ಗ್ಲುಟಾಥಯೋನ್ ಇಲ್ಲದ ಆ ಜೀವಿ ಕೋಎಂಜೈಮ್ ಎಯನ್ನೇ ಅದರ ಬದಲಿಗೆ ಬಳಸುವುದರಿಂದ, ಕೋಶದೊಳಗೆ ಅದನ್ನು ಹೇರಳವಾಗಿ ಇಟ್ಟುಕೊಳ್ಳಬೇಕಾಗುತ್ತದೆ.

ಅಡಿನೈಲಿಕ್ ಗುಂಪು ಸೇರುವ ಹಂತ ಹಿಂದುಮುಂದಾಗಿ ಎರಡೂ ಕಡೆಗೆ ನಡೆಯಬಲ್ಲದು. ಅಲ್ಲಿ ಬಿಡುಗಡೆಯಾಗುವ ಪೈರೊಫಾಸ್ಫೇಟನ್ನು ಒಡೆಯುವ ಪೈರೊಫಾಸ್ಫಟೇಸ್ ಕಿಣ್ವವನ್ನು ಸ್ವಲ್ಪ ಬೆರೆಸಿದರೆ ಕ್ರಿಯೆ ಮುಂದಕ್ಕೇ ಸಾಗುತ್ತದೆ. ಬೇಸಿಗೆಯಲ್ಲಿ ಮೈಸೂರಿನಲ್ಲೂ ಕೋಣೆಯ ಉಷ್ಣತೆ 30 ಡಿಗ್ರಿ ದಾಟುವುದರಿಂದ, ಒಂದು ಸಲದ ಫಲಿತಾಂಶವನ್ನು ಇನ್ನೊಂದಕ್ಕೆ ಹೋಲಿಸಬೇಕಾದರೆ ಮೇಜಿನ ಮೇಲೆ ಬಿಡದೆ ಸದಾ ವಾಟರ್ ಬಾತ್‌ನಲ್ಲಿ 25 ಡಿಗ್ರಿಗೆ ಇಡುವುದು ಲೇಸು.

ಇಳುವರಿಯನ್ನು ಅಳೆಯಲು, ಥಯೋಲ್ (ಗಂಧಕ-ಹೈಡ್ರೋಜನ್) ಗುಂಪುಗಳೊಂದಿಗೆ ವರ್ತಿಸಿ ಬಣ್ಣ ಕೊಡುವ ಎಲ್‌ಮನ್ ಕಾರಕವನ್ನು ನೆಚ್ಚಬಾರದು. ಮಿಶ್ರಣದಲ್ಲಿರುವ ಡಿಟಿಟಿಯೂ ಅದರೊಂದಿಗೆ ವರ್ತಿಸಿ ಬಣ್ಣ ಕೊಡುತ್ತದೆ. ನಾವು ಮಿಶ್ರಣದ ಘಟಕಗಳನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿ ಉಪಕರಣದ ಸಿ18 ಕಾಲಂನಲ್ಲಿ ಹಾಯಿಸಿ, 260 ನ್ಯಾನೊಮೀಟರಿನ ಅತಿನೇರಳೆ ಬೆಳಕಿನಲ್ಲಿ ನೋಡುತ್ತೇವೆ. ಎಟಿಪಿ ಮತ್ತು ಅದು ಒಂದು ಫಾಸ್ಫೇಟ್ ಕೊಟ್ಟ ಮೇಲೆ ಉಳಿಯುವ ಎಡಿಪಿ ಮೊದಲು ಇಳಿಯುತ್ತವೆ, ನಂತರ ಕೋಎಂಜೈಮ್ ಎ. ಒಂದು ಫಾಸ್ಫೇಟ್ ಕಡಿಮೆಯಿರುವ ಡಿಫಾಸ್ಫೊ ರೂಪ ಅದರ ಹಿಂದೆ ಬರುತ್ತದೆ. ಆ ಕೊನೆಯ ಶಿಖರ ಪೂರ್ತಿ ಕರಗುವವರೆಗೆ ನಾನು ಕ್ರಿಯೆಯನ್ನು ನಿಲ್ಲಿಸುವುದಿಲ್ಲ. ಬಳಿಕ ಅದೇ ಬಗೆಯ ಕಾಲಂನಲ್ಲಿ ಬೇರ್ಪಡಿಸಿ, ಹೆಪ್ಪುಗಟ್ಟಿಸಿ ಒಣಗಿಸಿ, ಮೈನಸ್ 20 ಡಿಗ್ರಿಯಲ್ಲಿ ಶೇಖರಿಸುತ್ತೇವೆ. ದ್ರಾವಣವಾಗಿ ಇಡಲೇಬೇಕಾದರೆ ತುಸು ಆಮ್ಲೀಯವಾಗಿರಬೇಕು. ಕ್ಷಾರೀಯವಾದರೆ ಅದರ ಥಯೋಲ್ ಗುಂಪು ಗಾಳಿಯಿಂದ ಉತ್ಕರ್ಷಣಗೊಂಡು, ಅಣುಗಳು ಎರಡೆರಡಾಗಿ ಜೋಡಿಕೊಳ್ಳುತ್ತವೆ.