ಹಾವು ಕಚ್ಚಿ ಬಂದವರಿಗೆ 20 ನಿಮಿಷದ ಟ್ಯೂಬ್ ಪರೀಕ್ಷೆ: ಎಡವಟ್ಟಾಗುವುದು ಎಲ್ಲಿ?

ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರ ಕಡೆಯ ಆಸ್ಪತ್ರೆಗಳಿಗೆ ಅಡಿಕೆ ತೋಟದಿಂದ, ಗದ್ದೆಯಿಂದ ಹಾವು ಕಚ್ಚಿಸಿಕೊಂಡವರು ಬರುತ್ತಲೇ ಇರುತ್ತಾರೆ. ಕೊಳಕುಮಂಡಲದ ವಿಷ ರಕ್ತ ಕೆಡಿಸಿದೆಯೇ ಎಂದು ನೋಡಲು ದೊಡ್ಡ ಲ್ಯಾಬ್ ಬೇಡ, ಒಂದು ಗಾಜಿನ ಟ್ಯೂಬ್ ಸಾಕು. ತಪ್ಪಾಗುವುದೂ ಆ ಟ್ಯೂಬಿನಲ್ಲೇ.

ಹೊಸದಾದ, ಒಣಗಿದ ಗಾಜಿನ ಟ್ಯೂಬಿಗೆ 2 ಮಿ.ಲೀ. ರಕ್ತ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ಒಮ್ಮೆ ಮಾತ್ರ ಬಗ್ಗಿಸಿ ನೋಡಿ. ಹೆಪ್ಪುಗಟ್ಟದೆ ನೀರಾಗಿಯೇ ಹರಿದರೆ ವಿಷ ರಕ್ತ ಕೆಡಿಸಿದೆ ಎಂದರ್ಥ. ನಡುವೆ ಎತ್ತಿ ನೋಡುವ ಚಪಲ ಬೇಡ. ರಕ್ತ ಹೆಪ್ಪುಗಟ್ಟಲು ಗಾಜಿನ ಮೈಯೇ ಚಾಲನೆ ಕೊಡುವುದು. ಪ್ಲಾಸ್ಟಿಕ್ ಟ್ಯೂಬಿನಲ್ಲಿ, ಸೋಪಿನಿಂದ ತೊಳೆದ ಟ್ಯೂಬಿನಲ್ಲಿ ವಿಷವಿಲ್ಲದವರ ರಕ್ತವೂ ನೀರಾಗಿಯೇ ಉಳಿದೀತು. ಆಗ ಬೇಡದವರಿಗೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ ಎಎಸ್‌ವಿ ಏರುತ್ತದೆ. ಅನುಮಾನವಿದ್ದರೆ ಜೊತೆಗೆ ಬಂದವರ ರಕ್ತವನ್ನೂ ಅಂಥದ್ದೇ ಟ್ಯೂಬಿಗೆ ಹಾಕಿ ಹೋಲಿಸಿ. ಹೆಪ್ಪುಗಟ್ಟಿತೆಂದು ಮನೆಗೆ ಕಳಿಸಬೇಡಿ: ಮೊದಲ 3 ಗಂಟೆ ಗಂಟೆಗೊಮ್ಮೆ, ಆಮೇಲೆ 24 ಗಂಟೆಯವರೆಗೆ 6 ಗಂಟೆಗೊಮ್ಮೆ ಪರೀಕ್ಷಿಸಿ. ಕಟ್ಟುಹಾವು ಕಚ್ಚಿದರೆ ಊತ, ನೋವು ಇರದು, ಟ್ಯೂಬೂ ಸರಿಯಾಗಿಯೇ ಕಾಣುತ್ತದೆ. ರೆಪ್ಪೆ ಜೋತಿದೆಯೇ, ನುಂಗಲು ಕಷ್ಟವೇ ಎಂದು ನೋಡಿ.

ಎಎಸ್‌ವಿ ಪುಡಿಯ ಪ್ರತಿ ವಯಲಿಗೆ 10 ಮಿ.ಲೀ. ದ್ರಾವಣ ಸೇರಿಸಿ, ಕುಲುಕದೆ ಮೆಲ್ಲಗೆ ಹೊರಳಿಸಿ. ಕುಲುಕಿದರೆ ನೊರೆ ಬರುತ್ತದೆ. ಸಾಮಾನ್ಯವಾಗಿ 8ರಿಂದ 10 ವಯಲು ಸಲೈನಿನಲ್ಲಿ ಬೆರೆಸಿ ಸುಮಾರು 1 ಗಂಟೆಯಲ್ಲಿ ಹೋಗಲಿ. ಮಕ್ಕಳಿಗೂ ವಯಲಿನ ಲೆಕ್ಕ ಇಷ್ಟೇ, ವಿಷ ಅವರಿಗೆಂದು ಕಡಿಮೆಯಾಗುವುದಿಲ್ಲ. ಟೆಸ್ಟ್ ಡೋಸ್ ಬೇಡ, ಅದು ಅಲರ್ಜಿಯನ್ನು ಮುಂಚೆ ತಿಳಿಸುವುದಿಲ್ಲ. ಡ್ರಿಪ್ ಶುರುವಾಗುವ ಮೊದಲೇ ಅಡ್ರಿನಾಲಿನ್ ಸಿರಿಂಜಿನಲ್ಲಿ ತಯಾರಿರಲಿ: ವಯಸ್ಕರಿಗೆ 0.5 ಮಿ.ಗ್ರಾಂ., ಮಕ್ಕಳಿಗೆ ಕೆ.ಜಿ.ಗೆ 0.01 ಮಿ.ಗ್ರಾಂ., ತೊಡೆಯ ಸ್ನಾಯುವಿಗೆ. ತುರಿಕೆ, ದದ್ದು, ವಾಂತಿ, ಉಬ್ಬಸ ಕಂಡ ಕೂಡಲೇ ಡ್ರಿಪ್ ನಿಲ್ಲಿಸಿ ಅದನ್ನು ಕೊಡಿ. ಬಿಗಿಯಾಗಿ ಕಟ್ಟಿಕೊಂಡು ಬಂದ ಹಗ್ಗವನ್ನೂ ಇದೆಲ್ಲ ಸಿದ್ಧವಾದ ಮೇಲೆಯೇ ಬಿಚ್ಚಿ.

ಮರುಪರೀಕ್ಷೆ ಎಎಸ್‌ವಿ ಕೊಟ್ಟ 6 ಗಂಟೆಗೆ. ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಮತ್ತೆ ತಯಾರಿಸಲು ಅಷ್ಟು ಹೊತ್ತು ಬೇಕು. ಅವಸರಪಟ್ಟು ಮತ್ತಷ್ಟು ವಯಲು ಸುರಿಯಬೇಡಿ.

ನಮ್ಮ ಕಾಡಿನ ದಿಬ್ಬಮೂತಿಯ ಗುಳಿಮಂಡಲಕ್ಕೂ ಆಗುಂಬೆಯ ಕಾಳಿಂಗಕ್ಕೂ ಈ ಎಎಸ್‌ವಿ ಕೆಲಸ ಮಾಡದು. ಮೊದಲನೆಯದರಲ್ಲಿ ಮೂತ್ರದ ಪ್ರಮಾಣ, ಎರಡನೆಯದರಲ್ಲಿ ಉಸಿರಾಟ ಗಮನಿಸುತ್ತ ಶಿವಮೊಗ್ಗದ ಜಿಲ್ಲಾಸ್ಪತ್ರೆ ಮೆಗ್ಗಾನ್‌ಗೆ ಬೇಗ ಕಳಿಸಿ. ಚೀಟಿಯಲ್ಲಿ ಕಚ್ಚಿದ ಸಮಯ, ಪ್ರತಿ ಟ್ಯೂಬಿನ ಫಲಿತಾಂಶ, ಕೊಟ್ಟ ವಯಲು, ಕೊನೆಯ ಬಾರಿ ಮೂತ್ರವಾದ ಹೊತ್ತು ಇರಲಿ.